ಬಿಸ್ಕತ್ ಪೆಟ್ಟಿಗೆಯ ಮನೆ

ಶಾಂಭವಿಗೆ ಮರೆವು ಹುಟ್ಟಿನಿಂದಲೇ ಬಂದದ್ದು. ಮದುವೆಯಾಗಿ ಶಿವಮೊಗ್ಗದ ಗಂಡನ ಮನೆಯಲ್ಲಿದ್ದ ನಾಲ್ಕು ವರ್ಷಗಳಲ್ಲಿ ಅವಳು ಸೀಯಿಸಿದ ಪಾತ್ರೆಗಳನ್ನು ಜೋಡಿಸಿಟ್ಟಿದ್ದರೆ ಒಂದು ನಾಮಕರಣದ ಅಡುಗೆಗೆ ಸಾಕಾಗುತ್ತಿತ್ತು. ನೀರು ಹಾಕದೆ ಕುಕ್ಕರನ್ನು ಒಲೆಯ ಮೇಲಿಟ್ಟಿದ್ದಳು. ಪಾಯಸಕ್ಕೆ ಉಪ್ಪು ಸುರಿದಿದ್ದಳು. ಮಾವ ಗಂಗಾಧರಪ್ಪನವರ ಹೊಸ ಪಂಚೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು, ಯಾರೋ ಬಾಗಿಲು ತಟ್ಟಿದರೆಂದು ಎದ್ದು ಹೋಗಿ ಅಲ್ಲೇ ಮಾತಿಗೆ ನಿಂತಿದ್ದಳು. ಅತ್ತೆ ಶಂಕರಮ್ಮ ಬೈದವರಲ್ಲ. ಸೊಸೆ ಅಡುಗೆಮನೆಯಿಂದ ಹೊರಬಿದ್ದ ಮೇಲೆ ಒಳಗೆ ಹೋಗಿ, ಒಂದೊಂದು ಡಬ್ಬಿಯ ಮುಚ್ಚಳವನ್ನೂ ಒಂದೊಂದು ನಲ್ಲಿಯನ್ನೂ ಸದ್ದಾಗುವಂತೆ ಮುಚ್ಚುತ್ತಿದ್ದರು. ನಡುಮನೆಯಲ್ಲಿ ಕೂತ ಶಾಂಭವಿಗೆ ಆ ಸದ್ದು ಬೈಗುಳಕ್ಕಿಂತ ಹೆಚ್ಚು ನಾಟುತ್ತಿತ್ತು.

ಗಂಡ ಪ್ರಸನ್ನಕುಮಾರನಿಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ. ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ. ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ ನ್ಯೂ ಟೌನಿನಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ಎರಡು ಕೋಣೆ, ಅಡುಗೆಮನೆ, ಹಿತ್ತಲಲ್ಲಿ ಒಂದು ಸೀಬೆ ಮರ, ಬಟ್ಟೆ ಒಗೆಯುವ ಕಲ್ಲು. ಹಿಂದೆ ಆ ಮನೆಯಲ್ಲಿದ್ದ ಗೋವಿಂದಯ್ಯ ನಿವೃತ್ತರಾಗಿ, ಹೆಂಡತಿ ಉಚ್ಚಂಗಮ್ಮನನ್ನು ಕರೆದುಕೊಂಡು ಶಿವಮೊಗ್ಗದಲ್ಲಿರುವ ಮಗನ ಮನೆಗೆ ಹೋಗಿ ಒಂದು ವರ್ಷವಾಗಿತ್ತು. ಇಪ್ಪತ್ತಾರು ವರ್ಷ ಇದ್ದ ಮನೆ ಅದು. ಬಿಟ್ಟುಹೋಗುವಾಗ ಅಟ್ಟದ ಮೇಲೆ ಒಂದೇ ಒಂದು ಸಾಮಾನು ಉಳಿಸಿ ಹೋಗಿದ್ದರು. ಒಂದು ತಗಡಿನ ಪೆಟ್ಟಿಗೆ. ಮುಂದುಗಡೆ ಸಣ್ಣ ಬಾಗಿಲು, ಒಳಗೆ ಎರಡು ತಟ್ಟೆ ಕೂರುವಂತೆ ಕಂಬಿ.

"ಅಯ್ಯೋ, ಇದು ಉಚ್ಚಂಗಮ್ಮನೋರ ಬಿಸ್ಕತ್ ಪೆಟ್ಟಿಗೆ ಕಣೇ!" ಎಂದಳು ಪಕ್ಕದ ಮನೆಯ ಹೇಮಶ್ರೀ, ಸಾಮಾನು ಇಳಿಸುವುದಕ್ಕೆ ಕೈಜೋಡಿಸಲು ಬಂದವಳು. "ಬತ್ತಿ ಸ್ಟೌ ಮೇಲೆ ಇದನ್ನ ಕೂರಿಸಿ ಬಿಸ್ಕತ್ತು ಸುಡ್ತಿದ್ರು. ಅವರಪ್ಪ ಹಳೇನಗರದಲ್ಲಿ ಬೇಕರಿ ಭಟ್ಟಿ ಕೆಲಸಕ್ಕಿದ್ದೋರಂತೆ. ಕೈಯಲ್ಲಿ ಹಿಟ್ಟು ಹಿಡಿದು ನೋಡಿದ್ರೆ ಸಾಕು, ತುಪ್ಪ ಎಷ್ಟು ಕಮ್ಮಿ ಅಂತ ಹೇಳೋರು. ನಂಗೂ ಅವರೇ ಕಲಿಸಿದ್ದು."

ಹೀಗೆ ಇಬ್ಬರ ಸ್ನೇಹ ಶುರುವಾಯಿತು. ಹೇಮಶ್ರೀಯ ಗಂಡ ಕಾಂತರಾಜನೂ ಕಾರ್ಖಾನೆಯವನೇ. ಗಂಡಸರು ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನಗಳು ಉದ್ದ. ಹಿತ್ತಲ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತ, ಒಬ್ಬಳು ಸೊಪ್ಪು ಸೋಸಿದರೆ ಇನ್ನೊಬ್ಬಳು ರವಿಕೆಗೆ ಗುಂಡಿ ಹೊಲಿಯುತ್ತಿದ್ದಳು. ಶಾಂಭವಿಗೆ ಬದುಕಿನಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಗೆಳೆದಂತಾಗಿತ್ತು. ಇಲ್ಲಿ ಅವಳ ಹಿಂದೆ ಹೋಗಿ ಮುಚ್ಚಳ ಮುಚ್ಚುವವರು ಯಾರೂ ಇರಲಿಲ್ಲ.

ಹಾಗಂತ ಅವಳು ಅಂದುಕೊಂಡಿದ್ದಳು.

ಬಂದ ಮೂರನೇ ವಾರ ಒಂದು ಬೆಳಿಗ್ಗೆ ಗ್ಯಾಸಿನ ಮೇಲೆ ಹಾಲಿಟ್ಟು ಬಟ್ಟೆ ಒಣಹಾಕಲು ಹೋದವಳು ಬೇಲಿಯ ಹತ್ತಿರ ಹೇಮಶ್ರೀಯ ಜೊತೆ ಮಾತಿಗೆ ನಿಂತಳು. ಹಾಲಿನ ನೆನಪಾದಾಗ ಅರ್ಧ ಗಂಟೆ ಕಳೆದಿತ್ತು. ಬಕೆಟ್ಟು ಬಿಸಾಕಿ ಓಡಿದಳು. ಗ್ಯಾಸು ಆರಿತ್ತು. ಹಾಲು ಪಾತ್ರೆಯ ಕಂಠದವರೆಗೂ ಉಕ್ಕಿ ಬಂದು ಇಳಿದ ಗುರುತು ಇತ್ತು. ಒಂದು ಹನಿಯೂ ಹೊರಗೆ ಚೆಲ್ಲಿರಲಿಲ್ಲ. ಪಾತ್ರೆಯ ಮೇಲೆ ಜಾಲರಿ ತಟ್ಟೆ ಮುಚ್ಚಿತ್ತು. ನಾನೇ ಆರಿಸಿ ಹೋಗಿರಬೇಕು, ಅದನ್ನೂ ಮರೆತಿದ್ದೇನೆ ಎಂದು ತನ್ನಷ್ಟಕ್ಕೆ ನಕ್ಕುಕೊಂಡಳು.

ಆಮೇಲೆ ನೀರಿನ ಡ್ರಮ್ಮು. ನಲ್ಲಿ ಬಿಟ್ಟು ನಿದ್ದೆಹೋದವಳು ಎದ್ದು ನೋಡಿದರೆ ಡ್ರಮ್ಮು ಅಂಚಿನವರೆಗೆ ತುಂಬಿ, ನಲ್ಲಿ ನಿಂತಿತ್ತು. ಅದಾದ ಮೇಲೆ ಇಸ್ತ್ರಿ. ಸ್ವಿಚ್ಚು ಹಾಕಿದ್ದು ಹಾಗೇ ಬಿಟ್ಟು ಸಂತೆಗೆ ಹೋದದ್ದು ಅವಳಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ನೆನಪಾಯಿತು. ಅಲ್ಲಿಂದ ಮನೆಯವರೆಗೆ ಓಡಿದ್ದೇ ಓಡಿದ್ದು. ಬೀಗ ತೆಗೆದು ನುಗ್ಗಿದಳು. ಒಳಗೆ ಇಸ್ತ್ರಿಪೆಟ್ಟಿಗೆ ಮೂಲೆಯಲ್ಲಿ ನೆಟ್ಟಗೆ ನಿಂತಿತ್ತು. ಪ್ಲಗ್ಗು ಕಿತ್ತು, ವೈರನ್ನು ಹಿಡಿಗೆ ಎಂಟರ ಆಕಾರದಲ್ಲಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಲಾಗಿತ್ತು. ಶಾಂಭವಿ ಜನ್ಮದಲ್ಲಿ ವೈರು ಸುತ್ತಿಟ್ಟವಳಲ್ಲ. ಬೀಗದ ಕೈ ಇನ್ನೊಂದು ಪ್ರಸನ್ನಕುಮಾರನ ಜೇಬಿನಲ್ಲಿ, ಅವನು ಕಾರ್ಖಾನೆಯ ಒಳಗೆ.

ಇಸ್ತ್ರಿಯನ್ನು ಮುಟ್ಟಿ ನೋಡಿದಳು. ಇನ್ನೂ ಬೆಚ್ಚಗಿತ್ತು. ಬಟ್ಟೆ ಮಡಿಸುವ ಚಾಪೆಯ ಮೇಲೆ ಕೂತುಬಿಟ್ಟಳು. ಬಿಸಿಲು ಕಿಟಕಿಯಿಂದ ನೇರ ಒಳಗೆ ಬಿದ್ದಿತ್ತು. ಬೀದಿಯಲ್ಲಿ ಸ್ಟೀಲ್ ಪಾತ್ರೆ ಮಾರುವವಳು ಕೂಗುತ್ತ ಹೋಗುತ್ತಿದ್ದಳು. ಅಷ್ಟು ಬೆಳಕಿನಲ್ಲಿ, ಅಷ್ಟು ಜನರ ನಡುವೆ ಅವಳಿಗೆ ಬೆನ್ನಿನ ಹಿಂದೆ ಯಾರೋ ಸೆರಗಿಗೆ ಕೈ ಒರೆಸಿಕೊಂಡ ಹಾಗೆ ಸಣ್ಣ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ.

ಹೇಮಶ್ರೀಗೆ ಹೇಳಿದರೆ ಅವಳು ನಕ್ಕಳು. "ನಿನ್ನ ತಲೆಗಿಂತ ನಿನ್ನ ಕೈಗೇ ಬುದ್ಧಿ ಜಾಸ್ತಿ ಮಾರಾಯ್ತಿ. ಅದರ ಪಾಡಿಗೆ ಅದು ಎಲ್ಲ ಮಾಡಿಬಿಡುತ್ತೆ. ನಿಂಗೆ ಗೊತ್ತಾಗಲ್ಲ, ಅಷ್ಟೆ."

ಆ ನಗು ನಿಂತದ್ದು ಏಪ್ರಿಲ್‌ನ ಒಂದು ಶನಿವಾರ. ಅಂದು ಇಬ್ಬರೂ ಸೇರಿ ಉಚ್ಚಂಗಮ್ಮನ ಪೆಟ್ಟಿಗೆಯಲ್ಲಿ ಮೊದಲ ಸಲ ಬಿಸ್ಕತ್ತು ಸುಡಲು ಹೊರಟಿದ್ದರು. ಮೈದಾ, ಸಕ್ಕರೆ ಪುಡಿ, ತುಪ್ಪ, ಏಲಕ್ಕಿ. ಹೇಮಶ್ರೀ ಹಿಟ್ಟು ನಾದಿದಳು, ಶಾಂಭವಿ ಉಂಡೆ ಕಟ್ಟಿ ಅಂಗೈಯಲ್ಲಿ ತಟ್ಟಿದಳು. ಒಂದು ತಟ್ಟೆ ಒಳಗಿಟ್ಟು ಬಾಗಿಲು ಹಾಕಿ, ಸ್ಟೌ ಬತ್ತಿ ಸಣ್ಣ ಮಾಡಿ, ಇಪ್ಪತ್ತು ನಿಮಿಷ ಎಂದುಕೊಂಡು ಹಿತ್ತಲ ಮೆಟ್ಟಿಲಿಗೆ ಬಂದು ಕೂತರು. ಹೇಮಶ್ರೀ ತನ್ನ ಅಕ್ಕನ ಸಂಸಾರದ ಕಥೆ ತೆಗೆದಳು. ಆ ಕಥೆ ಸುಲಭಕ್ಕೆ ಮುಗಿಯುವಂಥದ್ದಾಗಿರಲಿಲ್ಲ. ನಡುವೆ ಅಕ್ಕ ಅತ್ತದ್ದು ಹೇಳುತ್ತ ತಾನೂ ಅತ್ತಳು. ಶಾಂಭವಿ ಅವಳ ಕೈ ಹಿಡಿದು ಕೂತಳು. ಇಬ್ಬರಿಗೂ ಬಿಸ್ಕತ್ತು ಪೂರ್ತಿ ಮರೆತುಹೋಯಿತು.

ಕಾರ್ಖಾನೆಯ ಸೈರನ್ ಕೂಗಿದಾಗಲೇ ಎಚ್ಚರವಾದದ್ದು. ಒಂದು ಗಂಟೆಯ ಮೇಲಾಗಿತ್ತು. "ಇದ್ದಿಲಾಗಿರುತ್ತೆ!" ಎನ್ನುತ್ತ ಹೇಮಶ್ರೀ ಮುಂದೆ ಓಡಿದಳು. ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಶಾಂಭವಿ ಅವಳ ಭುಜದ ಮೇಲಿಂದ ನೋಡಿದಳು.

ಸ್ಟೌ ಆರಿತ್ತು. ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಕಟ್ಟೆಯ ಮೇಲೆ ಹಳೆಯ ಪೇಪರು ಹಾಸಿ, ಅದರ ಮೇಲೆ ಬಿಸ್ಕತ್ತುಗಳನ್ನು ಆರಲು ಇಟ್ಟಿತ್ತು. ಹೊನ್ನಿನ ಬಣ್ಣಕ್ಕೆ ಹದವಾಗಿ ಬೆಂದಿದ್ದವು. ಮಲಗಿಸಿರಲಿಲ್ಲ. ಒಂದೊಂದನ್ನೂ ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಒರಗಿಸಿ, ಸಾಲಾಗಿ ಜೋಡಿಸಿತ್ತು.

ಹೇಮಶ್ರೀ ಗೋಡೆಗೆ ಒರಗಿದಳು. "ಮಲಗಿಸಿದ್ರೆ ಅಡಿ ಬೆವರುತ್ತೆ ಅನ್ನೋರು. ಹಿಂಗೇ ನಿಲ್ಲಿಸೋರು. ನಾನು ಬೇರೆ ಯಾರ ಮನೇಲೂ ನೋಡಿಲ್ಲ ಶಾಂಭವಿ," ಎಂದಳು. ಆಮೇಲೆ ದನಿ ತಗ್ಗಿಸಿ, "ಉಚ್ಚಂಗಮ್ಮನೋರು ತೀರಿಹೋದ್ರೇನೋ. ನಮಗೆ ಯಾರೂ ಹೇಳಿಲ್ಲ, ಅಷ್ಟೆ," ಎಂದಳು.

ಆ ಬಿಸ್ಕತ್ತನ್ನು ತಿನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ. ಎಸೆಯಲು ಕೈ ಬರಲಿಲ್ಲ. ಡಬ್ಬಿಗೆ ತುಂಬಿ, ಮಂಗಳವಾರ ಬೆಳಿಗ್ಗೆ ಶಿವಮೊಗ್ಗದ ಬಸ್ಸು ಹತ್ತಿದರು. ಗೋವಿಂದಯ್ಯನವರ ಮಗನ ಮನೆ ರಾಗಿಗುಡ್ಡದಲ್ಲಿ ಎಂಬುದಷ್ಟೇ ಹೇಮಶ್ರೀಗೆ ಗೊತ್ತಿತ್ತು. ಆಟೋದವನು ಗುಡ್ಡದ ಬುಡದಲ್ಲಿ ಇಳಿಸಿದ. ನಾಲ್ಕು ಕಡೆ ಕೇಳಿಕೊಂಡು ಏರಿ ಮನೆ ಹುಡುಕಿದರು.

ಬಾಗಿಲು ತೆಗೆದದ್ದು ಸೊಸೆ ಸಮತಾ. ಹೇಮಶ್ರೀಯ ಗುರುತು ಹಿಡಿದು ಸಂತೋಷದಿಂದ ಒಳಗೆ ಕರೆದಳು. ಗೋವಿಂದಯ್ಯ ಕುರ್ಚಿಯಿಂದ ಎದ್ದು ನಿಂತರು.

"ಅಮ್ಮ ಹೇಗಿದಾರೆ?" ಎಂದು ಹೇಮಶ್ರೀ ಕೇಳಿದಳು.

"ಇದಾಳಮ್ಮ," ಎಂದರು ಗೋವಿಂದಯ್ಯ. "ಇದಾಳೆ ಅಂದ್ರೆ ಇದಾಳೆ."

ಶಾಂಭವಿಗೆ ಎದೆಯಿಂದ ಒಂದು ಕಲ್ಲು ಇಳಿದಂತಾಯಿತು. ಸಮತಾ ನೀರು ತಂದುಕೊಟ್ಟು ಎದುರು ಕೂತಳು. "ಆ ಮನೆ ಬಿಟ್ಟು ಬಂದ ಮೇಲೆ ಅತ್ತೆಗೆ ಒಂದೊಂದೇ ಮರೆತುಹೋಯ್ತು ಅಕ್ಕ. ಮಗನ್ನೇ ಯಾರು ಅಂತಾರೆ. ಹೊಸಿಲು ದಾಟಿ ಒಂದು ವರ್ಷ ಆಯ್ತು. ಆದ್ರೆ ಮನಸ್ಸೆಲ್ಲ ಭದ್ರಾವತೀಲೇ. ಸುಮ್ಮನೆ ಕೂತಿರೋರು ಇದ್ದಕ್ಕಿದ್ದ ಹಾಗೆ, 'ಹಾಲು ಉಕ್ತು, ಹಾಲು ಉಕ್ತು' ಅಂತ ಎದ್ದುಬಿಡ್ತಾರೆ. ಇಲ್ಲಿ ಒಲೆ ಹಚ್ಚೇ ಇರಲ್ಲ. ಒಂದಿನ ನಲ್ಲಿ ನಿಲ್ಲಿಸ್ಬೇಕು ಅಂತ ಅತ್ತುಬಿಟ್ರು. ಇನ್ನೊಂದಿನ ಇಸ್ತ್ರಿ ಅಂದ್ರು. ನಮ್ಮನೇಲಿ ಇಸ್ತ್ರಿಪೆಟ್ಟಿಗೇನೇ ಇಲ್ಲ. ಹೋಗ್ಲಿ, ವಯಸ್ಸಾಯ್ತು ಅಂದ್ಕೊಂಡ್ವಿ. ಆದ್ರೆ ಈ ಶನಿವಾರ..."

ಅವಳು ಮಾವನ ಕಡೆ ನೋಡಿದಳು. ಗೋವಿಂದಯ್ಯ ನೆಲ ನೋಡುತ್ತ ಹೇಳಿದರು: "ಶನಿವಾರ ಸಾಯಂಕಾಲ ಮಂಚದ ಮೇಲೆ ಕೂತಿದ್ಲು. ಅಯ್ಯೋ ಅಂತ ಕೂಗಿದ್ಲು. ಹೋಗಿ ನೋಡಿದ್ರೆ ಬಲಗೈ ಎರಡು ಬೆರಳು ಸುಟ್ಟು ಗುಳ್ಳೆ ಎದ್ದಿದೆ. ಬರ್ನಾಲ್ ಹಚ್ಚಿದೀವಿ. ಬೆಂಕಿ ಎಲ್ಲಿಂದ ಬಂತು ತಾಯಿ? ನೀವೇ ಹೇಳಿ."

ಹೇಮಶ್ರೀ ಮಡಿಲಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು.

ಒಳಕೋಣೆಯಲ್ಲಿ ಉಚ್ಚಂಗಮ್ಮ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಸಣ್ಣ ಮೈ, ಬಿಳಿ ತಲೆ, ಎರಡು ಬೆರಳಿಗೆ ಹಳದಿ ಮುಲಾಮು. ಹೇಮಶ್ರೀ ಹತ್ತಿರ ಹೋಗಿ, "ಅಮ್ಮಾ, ನಾನು, ಪಕ್ಕದ್ಮನೆ ಹೇಮ," ಎಂದಳು. ಎಂಟು ವರ್ಷ ಒಂದೇ ಬೇಲಿಯ ಆಚೀಚೆ ಬದುಕಿದವಳನ್ನು ಆ ಕಣ್ಣುಗಳು ಗೋಡೆಯನ್ನು ನೋಡಿದ ಹಾಗೆ ನೋಡಿದವು. ಆಮೇಲೆ ಅವು ಬಾಗಿಲಲ್ಲಿ ನಿಂತಿದ್ದ ಶಾಂಭವಿಯ ಮೇಲೆ ನಿಂತವು. ಅವರು ಕಾಲು ಮೇಲೆಳೆದುಕೊಂಡು ಗೋಡೆಗೆ ಸರಿದರು.

"ಇವಳೇ ಕಣೇ," ಎಂದರು ಸೊಸೆಗೆ, ಪಿಸುದನಿಯಲ್ಲಿ. "ನಾ ಹೇಳ್ತಿರ್ಲಿಲ್ವಾ? ನನ್ನ ಅಡುಗೆಮನೇಲಿ ಓಡಾಡ್ತಾಳಲ್ಲ, ಅವಳು. ಇಲ್ಲಿಗೂ ಬಂದ್ಲು."

ಉಚ್ಚಂಗಮ್ಮ ಸೊಸೆಯ ಸೆರಗು ಹಿಡಿದೆಳೆದರು.

"ಎಲ್ಲಾ ಹಂಗಂಗೇ ಬಿಟ್ಟು ಎದ್ದುಹೋಗ್ತಾಳೆ. ಕೂಗಿದ್ರೆ ಕೇಳ್ಸಲ್ಲ. ಎದುರಿಗೆ ನಿಂತ್ರೂ ಕಾಣ್ಸಲ್ಲ ಅವಳಿಗೆ. ಪಾಪ, ಚಿಕ್ಕ ವಯಸ್ಸು. ತಾನು ಸತ್ತಿದೀನಿ ಅನ್ನೋದೂ ಗೊತ್ತಿಲ್ವೇನೋ."

ಶಾಂಭವಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ತಾನು ಮುಟ್ಟಿದ ಮರ ನಿಜವಾಗಿ ಗಟ್ಟಿಯಾಗಿದೆಯೇ ಎಂದು ಬೆರಳಿಂದ ಒತ್ತಿ ನೋಡಿದಳು.

ಹೊರಡುವಾಗ ಹೇಮಶ್ರೀ ಎಲ್ಲವನ್ನೂ ಹೇಳಿಬಿಟ್ಟಳು, ಹಾಲಿನಿಂದ ಬಿಸ್ಕತ್ತಿನವರೆಗೆ. ಗೋವಿಂದಯ್ಯ ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಬೀದಿಯ ತಿರುವಿನವರೆಗೂ ಜೊತೆಗೆ ಬಂದು ಶಾಂಭವಿಗೆ ಕೈ ಮುಗಿದರು. "ಏನಿದೆಯೋ ನಂಗೆ ಗೊತ್ತಿಲ್ಲ ತಾಯಿ. ನೀವು ಸ್ವಲ್ಪ ನೋಡ್ಕೊಂಡು ಕೆಲಸ ಮಾಡಿ. ಅವಳ ಕೈ ಸುಟ್ಟಿದೆ."

ಅಂದಿನಿಂದ ಶಾಂಭವಿ ಬೇರೆಯೇ ಹೆಂಗಸಾದಳು. ಹಾಲಿಟ್ಟರೆ ಉಕ್ಕುವವರೆಗೂ ಅಲ್ಲೇ ನಿಲ್ಲುತ್ತಿದ್ದಳು. ಹೊರಗೆ ಹೋಗುವ ಮುನ್ನ ಸ್ವಿಚ್ಚು, ನಲ್ಲಿ, ಗ್ಯಾಸು ಎಂದು ಬಾಯಿಬಿಟ್ಟು ಹೇಳುತ್ತ ಮನೆ ಸುತ್ತುತ್ತಿದ್ದಳು. ಅತ್ತೆಯ ನಾಲ್ಕು ವರ್ಷದ ಸದ್ದು ಕಲಿಸದಿದ್ದುದನ್ನು ಸುಟ್ಟ ಆ ಎರಡು ಬೆರಳು ಕಲಿಸಿದವು. ಮನೆಯಲ್ಲಿ ಆಮೇಲೆ ಏನೂ ತಾನಾಗಿ ಆರಲಿಲ್ಲ, ನಿಲ್ಲಲಿಲ್ಲ. ಆರಿಸಲು ಏನೂ ಉಳಿಯುತ್ತಿರಲಿಲ್ಲ.

ಮೇ ಕೊನೆಗೆ ಹೇಮಶ್ರೀಯ ಮನೆಗೆ ಸಮತಾಳ ಫೋನು ಬಂತು. ಉಚ್ಚಂಗಮ್ಮ ಮಂಚ ಬಿಟ್ಟು ಏಳುತ್ತಿಲ್ಲ. ಊಟ ಎರಡು ತುತ್ತು. ಕೂಗಾಟ, ಅಳು ಯಾವುದೂ ಇಲ್ಲ. "ಮುಂಚೆ ಏನೋ ಒಂದು ಅಂತ ದಿನಕ್ಕೆ ನಾಲ್ಕು ಸಲ ಎದ್ದು ಓಡಾಡೋರು ಅಕ್ಕ. ಈಗ 'ಅವಳು ಹೋದ್ಲು, ನಂಗೇನೂ ಕೆಲಸ ಇಲ್ಲ' ಅಂತಾರೆ. ಅಷ್ಟೇ ಮಾತು."

ಹೇಮಶ್ರೀ ಇದನ್ನು ಹೇಳಿದಾಗ ಶಾಂಭವಿ ಸೋಸುತ್ತಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟಳು. ಆಮೇಲೆ ಎದ್ದು ಒಳಗೆ ಹೋದಳು. ಬಿಸ್ಕತ್ ಪೆಟ್ಟಿಗೆಯ ಬಾಗಿಲ ಹಿಡಿಗೆ ದಪ್ಪ ಬಟ್ಟೆ ಸುತ್ತಿ, ಬಿಡದಂತೆ ದಾರದಿಂದ ಬಿಗಿದಳು. ತಟ್ಟೆಯ ಪಕ್ಕದಲ್ಲಿ ಇಕ್ಕಳ ಇಟ್ಟಳು. ಹಿಟ್ಟು ನಾದಿ ಬಿಸ್ಕತ್ತು ತಟ್ಟಿ ಒಳಗಿಟ್ಟು, ಸ್ಟೌ ಸಣ್ಣ ಮಾಡಿ ಹೊರಗೆ ಬಂದಳು.

"ಬೇಕು ಅಂತಾನೇ ಬಿಟ್ಟು ಬಂದ್ಯಾ?" ಎಂದಳು ಹೇಮಶ್ರೀ.

"ಹೂಂ. ಈ ಕಡೆ ತಿರುಗಿ ಕೂತ್ಕೋ. ಒಳಗೆ ನೋಡ್ಬೇಡ."

ಇಬ್ಬರೂ ಅಡುಗೆಮನೆಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ಕೂತರು. ಬಿಸಿಲು ಸುಡುತ್ತಿತ್ತು. ಹೇಮಶ್ರೀಗೆ ಯಾವ ಕಥೆಯೂ ಬಾಯಿಗೆ ಬರಲಿಲ್ಲ. ತುಪ್ಪದ ವಾಸನೆ ಬಂತು, ಏಲಕ್ಕಿ ಬಂತು. ಆಮೇಲೆ ಒಳಗೆ ಗಾಜಿನ ಬಳೆಗಳು ತಗಡಿಗೆ ತಾಗಿದ ಸದ್ದು. ಹೇಮಶ್ರೀ ಶಾಂಭವಿಯ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಉಗುರಿನ ಗುರುತು ಎರಡು ದಿನ ಉಳಿಯಿತು. ಸೀಮೆಎಣ್ಣೆ ಸ್ಟೌ ಆರಿಸಿದಾಗ ಬರುವ ಹೊಗೆ ವಾಸನೆ ಹಿತ್ತಲಿಗೆ ತೇಲಿ ಬಂತು. ಒಳಗೆ ಹೋದಾಗ ಬಿಸ್ಕತ್ತುಗಳು ಸಾಲಾಗಿ ನಿಂತಿದ್ದವು.

ಸಂಜೆ ಸಮತಾ ತಾನೇ ಫೋನು ಮಾಡಿದಳು. ಅತ್ತೆ ಎದ್ದು ಕೂತು ಒಂದು ತಟ್ಟೆ ಅನ್ನ ಉಂಡರಂತೆ. ಸೊಸೆಗೆ, "ಅವಳು ಬಂದಿದಾಳೆ ಕಣೇ. ಹಿಡಿಗೆ ಬಟ್ಟೆ ಸುತ್ತೋಕೆ ಕಲ್ತಿದಾಳೆ," ಎಂದರಂತೆ.

ಹೀಗೆ ಪ್ರತಿ ಶನಿವಾರ. ಜೂನ್ ಕಳೆಯಿತು, ಜುಲೈ ಬಂತು. ಭಯ ಪೂರ್ತಿ ಹೋಗಲಿಲ್ಲ. ಆದರೂ ಇಬ್ಬರಿಗೂ ಅದರ ಜೊತೆಗೆ ಕೂತು ಟೀ ಕುಡಿಯುವುದು ರೂಢಿಯಾಯಿತು. ಬಿಸ್ಕತ್ತನ್ನು ತಿನ್ನಲೂ ಕಲಿತರು. ಬಾಯಲ್ಲಿಟ್ಟರೆ ಕರಗುತ್ತಿತ್ತು. ಬೆನ್ನ ಹಿಂದೆ ಯಾರೋ ತಮ್ಮ ಪರವಾಗಿ ಒಲೆ ಕಾಯುತ್ತಿದ್ದಾರೆ ಎನ್ನುವುದರಲ್ಲಿ ಶಾಂಭವಿಗೆ ಬಾಯಿಬಿಟ್ಟು ಹೇಳಲಾರದ ಒಂದು ನೆಮ್ಮದಿ ಸಿಗುತ್ತಿತ್ತು. ಪ್ರಸನ್ನಕುಮಾರನಿಗೆ ಏನೂ ಹೇಳಲಿಲ್ಲ. ಅವನು ಬಿಸ್ಕತ್ತು ತಿಂದು, "ಕೈ ಚೆನ್ನಾಗಿ ಪಳಗಿದೆ ನಿಂದು," ಎಂದ.

ಆಗಸ್ಟ್ ಮೊದಲ ಶನಿವಾರ ಬಳೆಯ ಸದ್ದು ಬರಲಿಲ್ಲ. ಏಲಕ್ಕಿಯ ವಾಸನೆ ಕಳೆದು ಸಕ್ಕರೆ ಕಂದುವ ವಾಸನೆ ಬಂತು.

"ಹೊತ್ತುತ್ತಾ ಇದೆ," ಎಂದಳು ಹೇಮಶ್ರೀ.

"ಇರು. ಬರ್ತಾರೆ."

ಕಿಟಕಿಯಿಂದ ಹೊಗೆ ಹೊರಟಿತು. ಆಗ ಶಾಂಭವಿ ಎದ್ದು ಹೋಗಿ ತನ್ನ ಕೈಯಾರೆ ಸ್ಟೌ ಆರಿಸಿದಳು. ತಟ್ಟೆಯಲ್ಲಿದ್ದದ್ದು ಕರಿಬಿಲ್ಲೆಗಳು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಹೊರಡು ಹೇಮ. ಮಣ್ಣಿಗಾದ್ರೂ ಹೋಗೋಣ," ಎಂದಳು. ಫೋನು ಮಾಡಿ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ನೇರ ಹೋಗಿ ಶಿವಮೊಗ್ಗದ ಬಸ್ಸು ಹತ್ತಿದರು.

ರಾಗಿಗುಡ್ಡದ ಮನೆಯ ಮುಂದೆ ಜನ ಇರಲಿಲ್ಲ. ಒಳಗೆ ಉಚ್ಚಂಗಮ್ಮ ಮಂಚದ ಅಂಚಿನಲ್ಲಿ ಕೂತು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಮುಖ ತೊಳೆದ ಹಾಗೆ ಶಾಂತವಾಗಿತ್ತು.

"ಬೆಳಿಗ್ಗೆಯಿಂದ ಹೀಗೇ ಇದಾರೆ," ಎಂದಳು ಸಮತಾ. "'ಮನೆ ಖಾಲಿ ಮಾಡಿ ಬಂದ್ವಲ್ಲ, ಇನ್ನೇನು' ಅಂದ್ರು. ಅಷ್ಟೆ. ಆಮೇಲೆ ಆ ಮನೆ ಸುದ್ದೀನೇ ಎತ್ತಿಲ್ಲ. ಮಾವ ನ್ಯೂ ಟೌನು ಅಂದ್ರೆ, ಅದೆಲ್ಲಿ ಅಂತಾರೆ."

ಶಾಂಭವಿ ಹತ್ತಿರ ಹೋಗಿ ನಿಂತಳು. ಮುದುಕಿ ತಲೆಯೆತ್ತಿ ನೋಡಿದರು. ಆದರೆ ಆ ಕಣ್ಣಿನಲ್ಲಿ ಈ ಸಲ ಹೆದರಿಕೆ ಇರಲಿಲ್ಲ, ಗುರುತೂ ಇರಲಿಲ್ಲ.

"ಯಾರ ಮನೆ ಮಗಳಮ್ಮ ನೀನು?"

"ಭದ್ರಾವತಿಯಿಂದ ಬಂದೆ ಅಮ್ಮ."

"ದೂರಾನಾ?"

"ಇಲ್ಲ. ಬಸ್ಸಲ್ಲಿ ಮುಕ್ಕಾಲು ಗಂಟೆ."

"ಬಸ್ಸಲ್ಲಾದ್ರೆ ಸರಿ." ಉಚ್ಚಂಗಮ್ಮ ಮೊರ ಪಕ್ಕಕ್ಕಿಟ್ಟು ಕೆಳಗೆ ಬಗ್ಗಿ ತಮ್ಮ ಪಾದಗಳನ್ನು ಮುಟ್ಟಿಕೊಂಡರು. "ನಡ್ಕೊಂಡು ಹೋದ್ರೆ ತುಂಬಾ ದೂರ. ಕಾಲು ಸೋತುಹೋಯ್ತು ನಂಗೆ."

ಶಾಂಭವಿ ನೆಲದ ಮೇಲೆ ಕೂತಳು. ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಹೊಸಿಲು ದಾಟದ ಕಾಲುಗಳು. ಅಂಗಾಲು ಪೂರ್ತಿ ಒಡೆದು, ಒಂದೊಂದು ಬಿರುಕಿನಲ್ಲೂ ದಾರಿಯ ಕೆಂಪು ಧೂಳು ಕೂತಿತ್ತು. ಸಮತಾ ಬಗ್ಗಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. "ಬೆಳಿಗ್ಗೆ ತಾನೇ ನಾನೇ ಸ್ನಾನ ಮಾಡಿಸಿದ್ದು," ಎಂದಳು.

ಹೇಮಶ್ರೀ ಬಚ್ಚಲಿಂದ ಬಿಸಿನೀರು ತಂದಳು. ಶಾಂಭವಿ ಆ ಪಾದಗಳನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಮಡಿಲಿಗೆ ಎತ್ತಿಕೊಂಡು ಹರಳೆಣ್ಣೆ ತಿಕ್ಕತೊಡಗಿದಳು. ಮುದುಕಿ ಕಣ್ಣು ಮುಚ್ಚಿಕೊಂಡು, ಯಾರೋ ಪುಣ್ಯಾತ್ಗಿತ್ತಿ ಎಂದುಕೊಳ್ಳುತ್ತ ಗೋಡೆಗೆ ಒರಗಿದರು.